ತೋಪೆದ್ದ ತಟ್ಟೆಗಳೂ ನನ್ನಾಕೆಯೂ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಆಯಿತೆಂದರೆ ಬೆಂಗಳೂರಿನ ನಮ್ಮ ಮನೆಯ ನಡುಮನೆಯಲ್ಲಿ ಪಂಚಾಯ್ತಿ ಸೇರುತ್ತದೆ. ಪಂಚರು ಐವರಲ್ಲ, ಮೂವರೇ. ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಒಬ್ಬರು, ಕಂಪ್ಯೂಟರ್ ಕಂಪನಿಯ ಹುಡುಗ ಒಬ್ಬ, ಬ್ಯಾಂಕಿನಲ್ಲಿ ಊರವರ ನೋಟು ಎಣಿಸಿ ಎಣಿಸಿ ಬೆರಳು ಸವೆಸಿಕೊಂಡ ನಾನೊಬ್ಬ. ಮೂವರಿಗೂ ಒಂದೇ ರೋಗ: ಗ್ರಾಮಫೋನ್ ತಟ್ಟೆ. ಅದರಲ್ಲೂ ಇಂಗ್ಲಿಷಿನ ರಾಕ್ ಮತ್ತು ಕಂಟ್ರಿ ತಟ್ಟೆ. ಅದರಲ್ಲೂ ತೋಪೆದ್ದು ಹೋದವು!

ಸಿನಿಮಾ ಪತ್ರಿಕೆಯಲ್ಲಿ ಈ ಪುರಾಣ ಯಾಕಪ್ಪಾ ಅಂತ ಪುಟ ಮಗುಚಬೇಡಿ, ಓದುಗ ಮಹಾಶಯರೇ. ಶತದಿನೋತ್ಸವ ಆಚರಿಸಿದ ಚಿತ್ರದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆದರೆ ಎರಡೇ ವಾರಕ್ಕೆ ಥಿಯೇಟರಿನಿಂದ ಎತ್ತಿಬಿಟ್ಟ ಒಂದು ಒಳ್ಳೆಯ ಚಿತ್ರ ನಿಮ್ಮ ಮನಸ್ಸಿನಲ್ಲೂ ಕೂತಿರುತ್ತದಲ್ಲವೆ? ‘ಅಯ್ಯೋ, ಇದನ್ನ ಜನ ನೋಡಲಿಲ್ಲವಲ್ಲ’ ಅಂತ ನೀವೂ ಯಾರ ಹತ್ತಿರವಾದರೂ ಜಗಳ ಕಾದಿರುತ್ತೀರಿ. ನಮ್ಮ ಪಂಚಾಯ್ತಿಯೂ ಅದೇ. ಚಿತ್ರದ ಬದಲು ತಟ್ಟೆ, ಅಷ್ಟೇ.

ಮೇಷ್ಟ್ರ ಪಕ್ಷ ಇಂಗ್ಲೆಂಡಿನ ಜೋಂಬೀಸ್ ತಂಡದ್ದು. ‘ಒಡೆಸಿ ಅಂಡ್ ಓರಾಕಲ್’ ಅನ್ನೋ ತಟ್ಟೆ. ಇದರ ಕಥೆಯನ್ನು ಮೇಷ್ಟ್ರು ನನಗೆ ನೂರು ಸಲ ಹೇಳಿದ್ದಾರೆ, ನಿಮಗೆ ನಾನು ಒಂದೇ ಸಲ ಹೇಳ್ತೀನಿ. 1967ರಲ್ಲಿ ಐವರು ಹುಡುಗರು ಕೇವಲ ಸಾವಿರ ಪೌಂಡಿನಲ್ಲಿ, ಬಹುಪಾಲು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ, ಇದನ್ನು ಮುದ್ರಿಸಿದರು. ಬೀಟಲ್ಸ್‌ನವರು ಆಗಷ್ಟೇ ಎದ್ದು ಹೋಗಿದ್ದ ಸ್ಟುಡಿಯೋ. ಅವರು ಬಿಟ್ಟುಹೋಗಿದ್ದ ಮೆಲೋಟ್ರಾನ್ ವಾದ್ಯವನ್ನೇ ಇವರು ಬಾರಿಸಿಕೊಂಡರು. ಕೆಲಸ ಮುಗಿಯೋ ಹೊತ್ತಿಗೆ ಕಾಸೂ ಮುಗಿದಿತ್ತು. ಸ್ಟೀರಿಯೋ ಬೇಕು ಅಂತ ಕಂಪನಿ ಕೇಳಿದಾಗ ಹಾಡು ಬರೆದ ಇಬ್ಬರು ಕೈಯಿಂದ ದುಡ್ಡು ಹಾಕಿದರು. ಚಿತ್ರ ಬರೆದ ಗೆಳೆಯ ‘ಒಡಿಸ್ಸಿ’ ಅನ್ನೋ ಇಂಗ್ಲಿಷ್ ಪದದ ಕಾಗುಣಿತ ತಪ್ಪಿದ. ರಟ್ಟಿನ ಮೇಲೆ ಅದೇ ಉಳೀತು. 1968ರ ಏಪ್ರಿಲ್‌ನಲ್ಲಿ ತಟ್ಟೆ ಅಂಗಡಿಗೆ ಬಂದಾಗ ತಂಡವೇ ಇರಲಿಲ್ಲ! ನಾಲ್ಕು ತಿಂಗಳ ಹಿಂದೆಯೇ ಕೈ ಮುಗಿದು ಮನೆಗೆ ಹೋಗಿದ್ದರು.

ಮಜಾ ಇರೋದು ಆಮೇಲೆ. ಅಮೆರಿಕದ ಅಲ್ ಕೂಪರ್ ಅನ್ನೋ ಸಂಗೀತಗಾರ ಈ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು, ತನ್ನ ಕಂಪನಿಯ ಬೆನ್ನು ಬಿದ್ದು ಅಲ್ಲಿ ಬಿಡುಗಡೆ ಮಾಡಿಸಿದ. 1969ರಲ್ಲಿ ಇದರ ಕೊನೆಯ ಹಾಡು ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಹಾಡು ಹಿಟ್ಟು, ಹಾಡಿದವರು ನಾಪತ್ತೆ! ಕಂಟ್ರಾಕ್ಟರುಗಳು ಬಿಡ್ತಾರೆಯೆ? ನಮ್ಮಲ್ಲಿ ಆರ್ಕೆಸ್ಟ್ರಾ ವೇದಿಕೆಗೆ ‘ಜ್ಯೂನಿಯರ್’ ನಟರು ಬರ್ತಾರಲ್ಲ, ಹಾಗೆ ಅಲ್ಲಿ ಡೂಪ್ಲಿಕೇಟ್ ಜೋಂಬೀಸ್ ಊರೂರು ಸುತ್ತಿದರು. ಟೆಕ್ಸಾಸಿನ ಒಂದು ಡೂಪ್ ತಂಡದಲ್ಲಿ ಇದ್ದವರಿಬ್ಬರು ಮುಂದೆ ಜೆಡ್ ಜೆಡ್ ಟಾಪ್ ಅಂತ ತಾವೇ ಜಗದ್ವಿಖ್ಯಾತರಾದರು. ಅಸಲಿ ಜೋಂಬೀಸ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಮಾಲೆ ಬಿದ್ದದ್ದು 2019ರಲ್ಲಿ. ‘ನೋಡಿದ್ರಾ, 51 ವರ್ಷ!’ ಅಂತ ಮೇಷ್ಟ್ರು ಬೆರಳು ಎತ್ತುತ್ತಾರೆ, ತಡವಾದದ್ದಕ್ಕೆ ನಾನೇ ಹೊಣೆ ಅನ್ನೋ ಹಾಗೆ.

ಅಷ್ಟೊಂದು ಮೆಚ್ಚುಗೆ ಸಿಕ್ಕಿದ ಮೇಲೆ ಅದು ಇನ್ನೆಲ್ಲಿ ತೋಪು ಸಾರ್ ಅಂತ ಹುಡುಗ ಕೆಣಕ್ತಾನೆ. ಅವನ ಕೈಯಲ್ಲಿ ಜೀನ್ ಕ್ಲಾರ್ಕ್‌ನ ‘ನೋ ಅದರ್’ ಇರುತ್ತದೆ. 1974ರದ್ದು. ಈ ಕ್ಲಾರ್ಕ್ ಬರ್ಡ್ಸ್ ತಂಡದಲ್ಲಿದ್ದವನು. 1966ರಲ್ಲಿ ತಂಡ ಬಿಟ್ಟ. ವಿಮಾನ ಹತ್ತಲು ಅವನಿಗಿದ್ದ ಭಯವೂ ಒಂದು ಕಾರಣ ಅಂತಾರೆ. ಎಂಟೇ ಹಾಡಿಗೆ ಒಂದು ಲಕ್ಷ ಡಾಲರಿಗೂ ಮೇಲೆ ಸುರಿದ. ಕಂಪನಿಯ ಯಜಮಾನ ಡೇವಿಡ್ ಗೆಫನ್ ಲೆಕ್ಕ ನೋಡಿ ಕೆಂಡವಾದ. ಪ್ರಚಾರವಿಲ್ಲ, ಏನಿಲ್ಲ, ಅಮೆರಿಕದ ಪಟ್ಟಿಯಲ್ಲಿ 144ಕ್ಕೆ ಬಂದು ಕುಸೀತು. 1991ರಲ್ಲಿ, 46ನೇ ವಯಸ್ಸಿಗೆ, ಕ್ಲಾರ್ಕ್ ತೀರಿಕೊಂಡ. ಹುಡುಗ ಕೊಂಡದ್ದು 2019ರ ಮರುಮುದ್ರಣ. ಅದರ ಬೆಲೆ ಕೇಳಿ ನನಗೆ ನನ್ನ ಮೊದಲ ತಿಂಗಳ ಸಂಬಳ ನೆನಪಾಯ್ತು. ಒಳ್ಳೆಯ ತಟ್ಟೆ, ಇಲ್ಲ ಅನ್ನಲ್ಲ. ಆದರೆ ನನ್ನ ಕಿವಿಗೆ ಸ್ವಲ್ಪ ಮಸಾಲೆ ಜಾಸ್ತಿ.

ಫ್ಲೈಯಿಂಗ್ ಬರಿಟೋ ಬ್ರದರ್ಸ್ ಹೆಸರು ಬಂದರೆ ಮಾತ್ರ ನಾವು ಮೂವರೂ ಒಂದಾಗ್ತೀವಿ. 1969ರ ‘ದಿ ಗಿಲ್ಡೆಡ್ ಪ್ಯಾಲೆಸ್ ಆಫ್ ಸಿನ್’ 164ರಲ್ಲೇ ನಿಂತಿತು. ರಾಕ್ ಹುಡುಗರು ಕಂಟ್ರಿ ಹಾಡಿದರೆ ಎರಡೂ ಕಡೆಯವರು ಮುಖ ತಿರುಗಿಸ್ತಾರೆ, ಹಾಗಾಯ್ತು. ಅದರಲ್ಲಿ ಪೆಡಲ್ ಸ್ಟೀಲ್ ನುಡಿಸಿದವನು ಸ್ನೀಕಿ ಪೀಟ್ ಕ್ಲೈನೋ. ಚಿತ್ರರಸಿಕರೇ, ಇವನು ನಿಮ್ಮವನು! ಮಕ್ಕಳ ಟೆಲಿವಿಷನ್ನಿನ ‘ಗಂಬಿ’ ಅನ್ನೋ ಜೇಡಿಮಣ್ಣಿನ ಗೊಂಬೆಯನ್ನು ಫ್ರೇಮು ಫ್ರೇಮಾಗಿ ಅಲುಗಿಸಿ ಕುಣಿಸಿದ ಟ್ರಿಕ್ ಕೆಲಸದವರಲ್ಲಿ ಒಬ್ಬ. ಮುಂದೆ 1984ರ ‘ಟರ್ಮಿನೇಟರ್’ ಚಿತ್ರದ ಟ್ರಿಕ್ ದೃಶ್ಯಗಳಲ್ಲೂ ಇವನ ಕೈ ಇದೆ. ಆ ಚಿತ್ರ ನೋಡಿದವರಲ್ಲಿ ಎಷ್ಟು ಜನ ಅವನ ಸ್ಟೀಲ್ ಕೇಳಿದ್ದಾರೋ!

ಇನ್ನು ನನ್ನ ಸರದಿ. ಮೊದಲು ಒಂದು ಮಾತು. ನನ್ನ ಕಾಲದಲ್ಲಿ ನಮಗೆ ಕಂಟ್ರಿ ಅಂದರೆ ಜಿಮ್ ರೀವ್ಸ್, ಅಷ್ಟೇ. ಮಿಕ್ಕವರ ತಟ್ಟೆ ಬೇಕೆಂದರೆ ಭಾನುವಾರದ ಸಂತೆಯಲ್ಲಿ ಹಳೇ ಸಾಮಾನಿನ ರಾಶಿ ಕೆದಕಬೇಕು, ಇಲ್ಲವೆ ಫಾರಿನ್ನಿನಿಂದ ಬರೋ ನೆಂಟರ ಸೂಟ್‌ಕೇಸಿನ ಮೇಲೆ ಕಣ್ಣಿಡಬೇಕು. ನನ್ನ ಮುತ್ತು ಬಂದದ್ದು ಎರಡನೇ ದಾರಿಯಲ್ಲಿ. 1985ರ ಡಿಸೆಂಬರ್. ಹ್ಯೂಸ್ಟನ್ನಿನಲ್ಲಿದ್ದ ನನ್ನ ಭಾವಮೈದ ರಜಕ್ಕೆ ಬಂದಾಗ ತಂದ ವಿಲೀ ನೆಲ್ಸನ್ನನ ‘ಫೇಸಸ್ ಅಂಡ್ ಸ್ಟೇಜಸ್’.

ಇದು 1974ರ ತಟ್ಟೆ. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಮುದ್ರಿಸಿದ್ದು. ಜೆರ್ರಿ ವೆಕ್ಸ್‌ಲರ್ ನಿರ್ಮಾಪಕ. ಸಂಸಾರ ಮುರಿದ ಕಥೆ. ಆ ಹೊತ್ತಿಗೆ ವಿಲೀಗೇ ಎರಡು ಮದುವೆ ಮುರಿದಿತ್ತು, ಗೊತ್ತಿದ್ದೇ ಬರೆದ. ಮೊದಲನೇ ಮಗ್ಗುಲು ಪೂರ್ತಿ ಹೆಂಡತಿಯ ಮಾತು. ಎರಡನೇ ಮಗ್ಗುಲು ಪೂರ್ತಿ ಗಂಡನ ಮಾತು. ಹಾಡು ಹಾಡಿನ ನಡುವೆ ಅದೇ ಒಂದು ಸಣ್ಣ ರಾಗ ಪಲ್ಲವಿಯಂತೆ ಬಂದು ಹೋಗುತ್ತದೆ. ತಟ್ಟೆ ಹೊರಟ ವರ್ಷವೇ ಅಟ್ಲಾಂಟಿಕ್ ಕಂಪನಿ ತನ್ನ ಕಂಟ್ರಿ ವಿಭಾಗಕ್ಕೆ ಬೀಗ ಹಾಕಿತು. ಮುಂದಿನ ವರ್ಷ ವಿಲೀ ಬೇರೆ ಕಂಪನಿಯಲ್ಲಿ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಮಾಡಿದ, ಅದು ಹೌಸ್‌ಫುಲ್. ಇದನ್ನ ಕೇಳೋರಿಲ್ಲ.

ನನ್ನ ವಾದ ಎಲ್ಲ ಎರಡನೇ ಮಗ್ಗುಲಿನ ಮೇಲೆ. ಗಂಡ ತಲೆ ಸಿಡಿಯುತ್ತಾ ಲಾಸ್ ಏಂಜಲೀಸಿನಿಂದ ಹ್ಯೂಸ್ಟನ್ನಿಗೆ ವಿಮಾನ ಹತ್ತೋದು, ಖಾಲಿ ಮನೆ, ಅವಳು ಹೋದಳು ಅಂತ ನಂಬಲಾಗದೆ ಕೂತಿರೋದು... ಆ ಹಾಡನ್ನು ವಿಲೀ ಬರೆದದ್ದು ನಿಜವಾಗಿ ತನ್ನ ಡ್ರಮ್ಮರ್ ಪಾಲ್ ಇಂಗ್ಲಿಷ್‌ನ ಹೆಂಡತಿ ತೀರಿಕೊಂಡಾಗ. ಕೇಳಿದರೆ ಗಂಟಲು ಕಟ್ಟುತ್ತದೆ. ಮೂವತ್ತೈದು ವರ್ಷಕ್ಕೂ ಮೇಲೆ ಇದನ್ನೇ ಹಾಕಿ ಹಾಕಿ ಗೀರು ಬೀಳಿಸಿದ್ದೀನಿ. ಮೊದಲನೇ ಮಗ್ಗುಲು ಮಾತ್ರ ಕನ್ನಡಿ. ಒಂದೆರಡು ಸಲ ಹಾಕಿದ್ದೆನೋ ಏನೋ. ಅದು ಪೀಠಿಕೆ, ಕಥೆ ಶುರುವಾಗೋದೇ ಎರಡರಿಂದ ಅಂತ ಪಂಚಾಯ್ತಿಯಲ್ಲಿ ತೀರ್ಪು ಕೊಟ್ಟಿದ್ದೆ.

ಯಾಕೆ ಅಂತ ಹೇಳಿಬಿಡ್ತೀನಿ. ಅದೇ 1985ರ ಮಳೆಗಾಲದಲ್ಲಿ ನನ್ನಾಕೆ ಹೊಲಿಗೆ ಮಿಷನ್ನಿಗೆ ಅಂತ ಕೂಡಿಸಿಟ್ಟಿದ್ದ 1,100 ರೂಪಾಯಿ ತೆಗೆದು ನಾನು ಒಂದು ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರ್ ಕೊಂಡುಬಿಟ್ಟಿದ್ದೆ. ಕೇಳದೆಯೇ. ಅವಳು ಒಂದು ಮಾತೂ ಆಡಲಿಲ್ಲ. ಪಾತ್ರೆ ತೊಳೆದು ಮಗುಚಿ ಇಟ್ಟು, ಮಗುವನ್ನ ಕಂಕುಳಲ್ಲಿ ಎತ್ತಿಕೊಂಡು ತಿಪಟೂರಿನ ತವರಿಗೆ ಬಸ್ಸು ಹತ್ತಿದಳು. ಮೂರು ತಿಂಗಳು. ಆಮೇಲೆ ಒಂದು ದಿನ ತಾನೇ ಬಂದಳು, ಅದರ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಖಾಲಿ ಮನೆಯ ಅನುಭವ ಹಸಿಹಸಿಯಾಗಿದ್ದಾಗ ವಿಲೀ ಬಂದ. ನನ್ನದೇ ಕಥೆ ಹಾಡ್ತಾನೆ ಅನ್ನಿಸಿತು. ನನ್ನ ಮೇಲೆ ನನಗೇ ಅಯ್ಯೋ ಪಾಪ ಅನ್ನಿಸೋ ಸುಖ ಇದೆಯಲ್ಲ, ಅದು ಬೀಡಿ ಚಟಕ್ಕಿಂತ ಕೆಟ್ಟದ್ದು ಸ್ವಾಮಿ.

ಈ ತಟ್ಟೆಯಲ್ಲಿ ನನಗೆ ಒಂದೇ ಅಸಮಾಧಾನ ಇತ್ತು. ರಟ್ಟಿನ ಹಿಂಬದಿ ಮೂಲೆಯಲ್ಲಿ ಭಾವಮೈದ ಬಾಲ್‌ಪೆನ್ನಿನಲ್ಲಿ ಗೀಚಿದ್ದ. ‘ಅಕ್ಕನಿಗೆ’ ಅಂತ. ಮೊದಲನೇ ಮಗ್ಗುಲಿನ ಪಕ್ಕ ಒಂದು ಸಣ್ಣ ಟಿಕ್ಕು ಬೇರೆ. ಸಂಗ್ರಹ ಮಾಡೋರಿಗೆ ಗೊತ್ತು, ರಟ್ಟಿನ ಮೇಲೆ ಬರಹ ಬಿದ್ದರೆ ಬೆಲೆ ಅರ್ಧಕ್ಕರ್ಧ ಇಳೀತು. ‘ಒಳ್ಳೇ ಪೀಸನ್ನ ಕೆಡಿಸಿದ’ ಅಂತ ಬಂದವರಿಗೆಲ್ಲ ತೋರಿಸಿ ಪೇಚಾಡಿದ್ದೀನಿ. ಮೇಷ್ಟ್ರಿಗೂ ತೋರಿಸಿದ್ದೆ. ಅವರೂ ‘ಛೆ ಛೆ’ ಅಂದಿದ್ದರು.

ಹೋದ ವರ್ಷ ಒಂದು ಭಾನುವಾರ. ತಟ್ಟೆ ಇಡೋ ಕೆಲಸ ಹುಡುಗನದು; ನಮ್ಮಿಬ್ಬರ ಕೈ ನಡುಗುತ್ತೆ. ಅವನು ಗೊತ್ತಿಲ್ಲದೆ ಮೊದಲನೇ ಮಗ್ಗುಲು ಮೇಲೆ ಮಾಡಿ ಮುಳ್ಳು ಇಟ್ಟ. ‘ತಿರುವೋ’ ಅನ್ನೋದರೊಳಗೆ ನನ್ನಾಕೆ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಳು. ಬಂದವಳು ಹಾಗೇ ನಿಂತಳು. ಅವಳು ಬಿ.ಎ. ಓದಿದವಳು, ನನ್ನ ಇಂಗ್ಲಿಷಿಗಿಂತ ಅವಳದ್ದೇ ವಾಸಿ. ಹಾಡಿನಲ್ಲಿ ಒಬ್ಬ ಹೆಂಗಸು ಪಾತ್ರೆ ತೊಳೀತಾಳೆ, ಬಟ್ಟೆ ಒಗೀತಾಳೆ. ಆಮೇಲೆ ಜಗಳವಿಲ್ಲ, ಅಳುವಿಲ್ಲ, ಹೊರಟುಬಿಡ್ತಾಳೆ. ತಾಯಿಮನೆ ಸೇರ್ತಾಳೆ. ಹದಿನೈದು ಇಪ್ಪತ್ತು ನಿಮಿಷ ಅವಳು ಕೂರಲಿಲ್ಲ, ಕಾಫಿ ಆರಿಹೋಯ್ತು, ಕೇಳೋ ಧೈರ್ಯ ಮೂವರಿಗೂ ಬರಲಿಲ್ಲ.

ಮುಳ್ಳು ಎದ್ದ ಮೇಲೆ ಅವಳು ರಟ್ಟು ಎತ್ತಿಕೊಂಡು ಹಿಂದೆ ತಿರುಗಿಸಿದಳು.

‘ಇದನ್ನ ನನ್ನ ತಮ್ಮ ನನ್ನ ಕೈಗೇ ಕೊಟ್ಟಿದ್ದು. ನಿಮಗೆ ಟೀ ಶರ್ಟು ತಂದಿದ್ದ. ನೆನಪಿದೆಯೇನ್ರೀ?’

ನೆನಪಿತ್ತು. ಅವಳ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡಿದ್ದು ನಾನೇ. ಹಾಕಿ ಕೇಳೋ ಯಂತ್ರ ನನ್ನದು, ತಟ್ಟೆಯೂ ನನ್ನದೇ ಅಂತ ಲೆಕ್ಕ ಹಾಕಿದ್ದೆ.

‘ಅಕ್ಕಾ, ಮೊದಲನೇ ಸೈಡು ಕೇಳು, ಭಾವನಿಗೂ ಕೇಳಿಸು ಅಂದಿದ್ದ. ನಾನು ಇವತ್ತು ಕೇಳ್ತಾ ಇದೀನಿ.’

ನಾನು ಏನೋ ಹೇಳಲು ಹೋದೆ. ಹಾಡಿರೋದು ಗಂಡಸಾದರೂ ಹೆಣ್ಣಿನ ದನಿಯಲ್ಲಿ ಬರೆದದ್ದು, ಅದು ಆ ಕಾಲಕ್ಕೆ ಕಂಟ್ರಿಯಲ್ಲಿ ಹೊಸದು ಅಂತ ಪಂಡಿತನ ಹಾಗೆ ಶುರು ಮಾಡಿದೆ. ಮೇಷ್ಟ್ರು ನನ್ನ ಮೊಣಕಾಲು ಮುಟ್ಟಿ ಸುಮ್ಮನಿರಿಸಿದರು. ಹುಡುಗ ಮೆಲ್ಲಗೆ, ‘ಆಂಟೀ, ಇನ್ನೊಂದು ಸಲ ಹಾಕ್ಲಾ?’ ಅಂದ.

‘ಹಾಕಪ್ಪ,’ ಅಂದು ಅವಳು ಕುರ್ಚಿ ಎಳೆದುಕೊಂಡು ಕೂತಳು.

ಈಗ ಪಂಚಾಯ್ತಿಗೆ ನಾಲ್ವರು. ಎರಡನೇ ಮಗ್ಗುಲಿನ ಬಗ್ಗೆ ಅವಳ ಅಭಿಪ್ರಾಯ ಕೇಳಿದೆ. ‘ಚೆನ್ನಾಗಿದೆ, ಸ್ವಲ್ಪ ಅಳೋದು ಜಾಸ್ತಿ,’ ಅಂದಳು. ಜೋಂಬೀಸ್ ಅವಳಿಗೆ ಹಿಡಿಸಿತು. ಮೇಷ್ಟ್ರು ಆ ದಿನ ಎರಡು ಹೋಳಿಗೆ ಜಾಸ್ತಿ ತಿಂದರು. ‘ನೋ ಅದರ್’ ಕೇಳಿ ‘ಈ ಪಾಪದವನಿಗೆ ಯಾರಾದರೂ ಒಬ್ಬರು ಊಟ ಹಾಕಬೇಕಿತ್ತು’ ಅಂದಳು. ಹುಡುಗ ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡಿದ್ದಾನೆ.

ಭಾನುವಾರದ ಕಾಫಿ ಈಗ ನನ್ನ ಪಾಲಿಗೆ ಬಂದಿದೆ. ಡಿಕಾಕ್ಷನ್ ತೆಳು ಅಂತ ಮೇಷ್ಟ್ರ ದೂರು. ಇರಬಹುದು. ಅಡಿಗೆಮನೆಯಲ್ಲಿ ಲೋಟ ತೊಳೆಯೋ ಸದ್ದಿಗೆ ಒಳಗೆ ಯಾವ ಮಗ್ಗುಲು ಹಾಕಿದ್ದಾರೆ ಅಂತ ಸರಿಯಾಗಿ ಕೇಳಿಸೋದಿಲ್ಲ. ನಲ್ಲಿ ನಿಲ್ಲಿಸಿ ಬಾಗಿಲ ಹತ್ತಿರ ಹೋಗಿ ನಿಂತುಕೊಳ್ತೀನಿ.