ಫ್ರಿಮಾಂಟ್‌ನ ಆರು ಜನರ ಮನೆ

ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದ ಫ್ರಿಮಾಂಟ್ ಸುತ್ತಲಿನ ಬೆಟ್ಟಗಳೆಲ್ಲ ಒಣಹುಲ್ಲಿನಿಂದ ಹೊಂಬಣ್ಣಕ್ಕೆ ತಿರುಗುತ್ತವೆ. ಆ ಬೆಟ್ಟಗಳ ಬುಡದ ಒಂದು ಬೀದಿಯಲ್ಲಿ ನನ್ನ ಮಗನ ಮನೆ. ಸಾಲಾಗಿ ಒಂದೇ ಅಂತಸ್ತಿನ ಮನೆಗಳು, ಪ್ರತಿ ಮನೆಯ ಮುಂದೆ ಅಂಗೈಯಗಲ ಹುಲ್ಲು, ಒಂದು ಗ್ಯಾರೇಜು. ಬೀದಿಯ ತಿರುವಿನಲ್ಲಿರುವ ಮನೆಗೆ ಮಾತ್ರ ಮೆಟ್ಟಿಲ ಬದಲು ಇಳಿಜಾರು ದಾರಿ. ಹೊರಗೆ ಬೋರ್ಡು ಇಲ್ಲ. ಒಳಗೆ ಆರು ಮಂದಿ ಅಜ್ಜ-ಅಜ್ಜಿಯರು.

“ಅದು ಆಸ್ಪತ್ರೆಯಾ, ವೃದ್ಧಾಶ್ರಮವಾ?” ಎಂದು ಮೊಮ್ಮಗಳನ್ನು ಕೇಳಿದೆ. ಐದನೇ ತರಗತಿಯವಳು. “ಎರಡೂ ಅಲ್ಲ ಅಜ್ಜಿ, ಮನೆ” ಅಂದಳು. ನಮ್ಮ ಪಕ್ಕದ ಮನೆಯಾಕೆಯ ತಾಯಿ ಅಲ್ಲಿದ್ದರು. ಒಂದು ಶನಿವಾರ ಆಕೆಯ ಜೊತೆ ನಾವಿಬ್ಬರೂ ಹೋದೆವು.

ಅಮೆರಿಕದಲ್ಲಿ ಹಿರಿಯರಿಗೆ ನೂರಾರು ಕೋಣೆಗಳ ದೊಡ್ಡ ವಸತಿಗಳೂ ಇವೆ. ಇದು ಆ ಬಗೆಯದಲ್ಲ. ಸ್ನಾನ, ಬಟ್ಟೆ, ಮಾತ್ರೆ, ಊಟಕ್ಕೆ ಇನ್ನೊಬ್ಬರ ಕೈ ಬೇಕು, ಆದರೆ ಆಸ್ಪತ್ರೆಯಲ್ಲೇ ಇರುವಷ್ಟು ಕಾಯಿಲೆ ಇಲ್ಲ ಅನ್ನುವವರಿಗಾಗಿ ಇರುವ ಸಣ್ಣ ಮನೆ. ಇಲ್ಲಿನವರು ಇದನ್ನು ‘ಬೋರ್ಡ್ ಅಂಡ್ ಕೇರ್’ ಅನ್ನುತ್ತಾರೆ. ಆರು ಅಥವಾ ಅದಕ್ಕಿಂತ ಕಡಿಮೆ ಜನರಿದ್ದರೆ ಅದನ್ನು ಒಂದು ಕುಟುಂಬದ ಮನೆಯಂತೆಯೇ ಎಣಿಸಬೇಕು ಎಂಬುದು ರಾಜ್ಯದ ಕಾನೂನು. ಹಾಗಾಗಿಯೇ ಶಾಲೆ, ಪಾರ್ಕು, ಮಕ್ಕಳ ಸೈಕಲ್ಲುಗಳ ನಡುವೆಯೇ ಇಂಥ ಮನೆಗಳಿವೆ.

ಒಳಗೆ ಕಾಲಿಟ್ಟರೆ ಸೂಪಿನ ಘಮ. ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲ. ಒಬ್ಬ ಅಜ್ಜ ಟವೆಲ್ ಮಡಚುತ್ತಿದ್ದರು. ಅದು ಅವರ ದಿನದ ಕೆಲಸವಂತೆ, ಯಾರೂ ಹೇಳಿದ್ದಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಒಂದನ್ನು ಮಡಚಿದಳು. ಅಜ್ಜ ಅದನ್ನು ಬಿಚ್ಚಿ, ಅಂಚು ಸರಿಯಾಗಿ ಕೂಡಿಸಿ, ಮತ್ತೆ ಮಡಚಿ ತೋರಿಸಿದರು!

ಇಂಥ ಮನೆ ನಡೆಸಲು ರಾಜ್ಯದ ಸಮಾಜ ಸೇವಾ ಇಲಾಖೆಯ ಲೈಸೆನ್ಸ್ ಬೇಕು. ಒಂದು ಕೋಣೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಮಲಗುವಂತಿಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇರಬೇಕು. ನಲ್ಲಿಯ ಬಿಸಿನೀರು 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 49 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಹಿರಿಯರ ಚರ್ಮ ತೆಳು, ಬೇಗ ಸುಡುತ್ತದೆ. ರಾತ್ರಿಯೂಟಕ್ಕೂ ಬೆಳಗಿನ ತಿಂಡಿಗೂ ನಡುವೆ 15 ಗಂಟೆಗಿಂತ ಹೆಚ್ಚು ಅಂತರ ಕೂಡದು. ಕೆಲಸಕ್ಕೆ ಸೇರುವವರ ಬೆರಳಚ್ಚು ತೆಗೆದು, ಹಿಂದೆ ಅಪರಾಧ ಮಾಡಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ.

ಕ್ಯಾಲಿಫೋರ್ನಿಯಾದ ಇಂಥ ಮನೆಗಳಲ್ಲಿ ದುಡಿಯುವವರಲ್ಲಿ ಫಿಲಿಪ್ಪೀನ್ಸ್‌ನಿಂದ ಬಂದವರು ಬಹಳ. ಇಲ್ಲಿನ ಆರೈಕೆಯಾಕೆಯೂ ಅಲ್ಲಿನವರೇ. ಆರು ಜನರಲ್ಲಿ ಯಾರಿಗೆ ಕಾಫಿ ಎಷ್ಟು ಬಿಸಿ ಇರಬೇಕು, ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆ ಎಲ್ಲವೂ ಆಕೆಗೆ ಬಾಯಿಪಾಠ. ಆಕೆಯ ಸ್ವಂತ ತಾಯಿಯನ್ನು ಊರಲ್ಲಿ ತಂಗಿ ನೋಡಿಕೊಳ್ಳುತ್ತಾಳೆ, ಈಕೆ ಕಳಿಸುವ ಹಣದಲ್ಲಿ.

ಪಕ್ಕದ ಮನೆಯಾಕೆಯ ತಾಯಿ ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ದ್ವೀಪಗಳಿಂದ ಹುಡುಗಿಯಾಗಿದ್ದಾಗಲೇ ಬಂದವರು. ಮರೆವು ಹೆಚ್ಚುತ್ತ ಹೋದಂತೆ ಮೊದಲು ಹೋದದ್ದು ಇಂಗ್ಲಿಷ್. ಉಳಿದದ್ದು ಬಾಲ್ಯದ ಪೋರ್ಚುಗೀಸ್ ಮಾತ್ರ. ಮನೆಯಲ್ಲಿದ್ದಾಗ ಎರಡು ಸಲ ಒಲೆ ಉರಿಯುತ್ತಲೇ ಬಿಟ್ಟಿದ್ದರು, ಒಂದು ರಾತ್ರಿ ಬಾಗಿಲು ತೆಗೆದು ಬೀದಿಗೆ ನಡೆದಿದ್ದರು. ಮಗಳು ಇಲ್ಲಿಗೆ ಸೇರಿಸಿದ್ದು ಅದಾದ ಮೇಲೆ.

ಫ್ರಿಜ್ ಬಾಗಿಲ ಮೇಲೆ ಒಂದು ಕಾಗದ ಅಂಟಿಸಿತ್ತು. ಮಗಳೇ ಬರೆದುಕೊಟ್ಟ ಹತ್ತು ಪೋರ್ಚುಗೀಸ್ ಪದಗಳು, ಎದುರಿಗೆ ಅರ್ಥ. ‘ಆಗ್ವ’ ಅಂದರೆ ನೀರು. ‘ಡೋರ್’ ಅಂದರೆ ನೋವು. ‘ಫ್ರಿಯೊ’ ಅಂದರೆ ಚಳಿ. ನಾವಿದ್ದಾಗಲೇ ಅಜ್ಜಿ ಮೆಲ್ಲನೆ “ಫ್ರಿಯೊ” ಅಂದರು. ಆರೈಕೆಯಾಕೆ ಕಾಗದದತ್ತ ತಿರುಗಿಯೂ ನೋಡದೆ ಶಾಲು ತಂದು ಹೊದಿಸಿದರು.

ಎಲ್ಲ ಮನೆಗಳೂ ಹೀಗಿರುವುದಿಲ್ಲ. ಮನೆ ಚಿಕ್ಕದಾದಷ್ಟೂ ಹೊರಗಿನವರ ಕಣ್ಣು ಬೀಳುವುದು ಕಡಿಮೆ. ಅದಕ್ಕೇ ದೂರು ಕೊಡುವುದು ಹೇಗೆಂದು ತಿಳಿಸುವ ದೊಡ್ಡ ಪೋಸ್ಟರ್ ಬಾಗಿಲ ಬಳಿಯೇ ಇದೆ. ‘ಆಂಬುಡ್ಸ್‌ಮನ್’ ಎಂಬ, ಹಿರಿಯರ ಪರವಾಗಿ ನಿಲ್ಲುವವರು ಹೇಳದೆ ಕೇಳದೆ ಬಂದು ವಿಚಾರಿಸಬಹುದು. ಖರ್ಚೂ ತಿಂಗಳಿಗೆ ಸಾವಿರಾರು ಡಾಲರ್. ಸರ್ಕಾರದ ಆರೋಗ್ಯ ವಿಮೆ ‘ಮೆಡಿಕೇರ್’ ಇಲ್ಲಿನ ಊಟ-ವಸತಿಗೆ ಹಣ ಕೊಡುವುದಿಲ್ಲ. ನೆರೆಯಾಕೆ ತಾಯಿಯ ಮನೆಯನ್ನು ಬಾಡಿಗೆಗೆ ಕೊಟ್ಟು ಇದನ್ನು ತೂಗಿಸುತ್ತಿದ್ದಾರೆ.

“ತಾಯಿಯನ್ನು ಹೊರಗೆ ಬಿಟ್ಟಳಲ್ಲ” ಎಂದು ನಾನು ಅನ್ನಲಾರೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಅತ್ತೆಯವರನ್ನು ಕಡೆಯ ಎರಡು ವರ್ಷ ನೋಡಿಕೊಂಡವಳು ನಾನು. ಆ ರಾತ್ರಿಗಳು ಎಷ್ಟು ಉದ್ದ ಎಂಬುದು ಬಲ್ಲೆ. ಈ ಮಗಳು ದಿನಾ ಸಂಜೆ ಕೆಲಸ ಮುಗಿಸಿ ಬಂದು, ತಾಯಿಯ ತಲೆ ಬಾಚಿ, ಪಕ್ಕದಲ್ಲಿ ಕೂತು ಊಟ ಮಾಡಿಸುತ್ತಾಳೆ.

ಆದರೆ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ನಾಳೆ ನನಗೂ ಇಂಗ್ಲಿಷ್ ಮರೆತುಹೋದರೆ, ಬಾಯಾರಿದಾಗ “ನೀರು” ಅಂದರೆ ಇಲ್ಲಿ ಯಾರಿಗೆ ತಿಳಿದೀತು?

ಮೊಮ್ಮಗಳಿಗೆ ಹೇಳಿದೆ. ಅವಳು ಅಂದು ರಾತ್ರಿಯೇ ನೋಟ್‌ಬುಕ್ ಹಿಡಿದು ಬಂದಳು. “ಹೇಳು ಅಜ್ಜಿ, ನಿನ್ನ ಹತ್ತು ಪದ.” ನೀರು, ನೋವು, ಚಳಿ, ಬಚ್ಚಲು, ಮೊಸರನ್ನ ಎಂದು ಶುರುವಾಯಿತು. ‘ಸಾಕು’ ಎಂಬಲ್ಲಿ ಪೆನ್ಸಿಲ್ ನಿಂತಿತು. “ಸಾಕು ಅಂದ್ರೆ ಎನಫ್ ತಾನೇ?” “ಹೌದು ಪುಟ್ಟಿ, ಊಟಕ್ಕೆ ಕೂತಾಗ ಹಾಗೆ. ನಾಯಿಮರಿ ಸಾಕು ಅಂದಾಗ ನೋಡಿಕೋ ಅಂತ.” ಅವಳು ಎರಡೂ ಅರ್ಥ ಬರೆದುಕೊಂಡಳು.

ಮಕ್ಕಳೇ, ಈ ಭಾನುವಾರ ನೀವೂ ನಿಮ್ಮ ಅಜ್ಜ-ಅಜ್ಜಿಯ ಹತ್ತಿರ ಕೂತು ಅಂಥದೊಂದು ಪಟ್ಟಿ ಮಾಡಿ. ಪದಗಳ ಜೊತೆಗೆ ಕಾಫಿಗೆ ಸಕ್ಕರೆ ಎಷ್ಟು, ಯಾವ ಹಾಡು ಇಷ್ಟ, ಮಲಗುವಾಗ ದೀಪ ಬೇಕೋ ಬೇಡವೋ ಎಂಬುದನ್ನೂ ಕೇಳಿ. ಅವರು ಎಲ್ಲೇ ಇರಲಿ, ನೋಡಿಕೊಳ್ಳುವವರ ಕೈಗೆ ಆ ಕಾಗದ ಒಂದು ದಿನ ಬೇಕಾದೀತು.