ಎಣಿಕೆಗೆ ಸಿಗದ ಹೆಸರುಗಳು

ಹಟ್ಟಿಯವರಿಗೆ ಬೆಲೆ ಕಟ್ಟುವ ಕೆಲಸ ಹೊಸದಲ್ಲ. ಒಂದು ಟನ್ ಅದಿರಿನಲ್ಲಿ ಎಷ್ಟು ಗ್ರಾಂ ಚಿನ್ನ ಎಂಬ ಲೆಕ್ಕದ ಮೇಲೆಯೇ ನಮ್ಮ ಊರು ನಿಂತಿದೆ. ಆದರೆ ಆ ಲೆಕ್ಕ ಹೇಳುವ ಮೊದಲು ಕಲ್ಲನ್ನು ಪುಡಿ ಮಾಡಿ ಪರೀಕ್ಷಿಸುತ್ತಾರೆ. ಹೊರಗಿನ ಹೊಳಪು ನೋಡಿ ಯಾರೂ ಬೆಲೆ ಹೇಳುವುದಿಲ್ಲ. ವಿದ್ವಾಂಸರ ಬೆಲೆ ಕಟ್ಟುವಾಗ ಮಾತ್ರ ಈ ಎಚ್ಚರ ನಮ್ಮ ಕೈತಪ್ಪುತ್ತಿದೆ.

ನನ್ನ ಅಧ್ಯಾಪಕ ಮಿತ್ರರೊಬ್ಬರು ಈ ಸೀಮೆಯ ಶಾಸನ, ಕೋಟೆ, ದರ್ಗಾಗಳ ಬಗ್ಗೆ ಬಹಳ ವರ್ಷಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದಾರೆ. ಸಂದರ್ಶನವೊಂದರಲ್ಲಿ ಅವರು ಮೇಜಿನ ಮೇಲಿಟ್ಟ ಪುಸ್ತಕಗಳನ್ನು ಯಾರೂ ತೆರೆಯಲಿಲ್ಲವಂತೆ. "ನಿಮ್ಮ ಎಚ್-ಇಂಡೆಕ್ಸ್ ಎಷ್ಟು?" ಎಂದಷ್ಟೇ ಕೇಳಿದರಂತೆ. ಅವರ ಉತ್ತರ, ಸೊನ್ನೆ.

ಏನಿದು ಎಚ್-ಇಂಡೆಕ್ಸ್? ಒಬ್ಬರ ಹತ್ತು ಲೇಖನಗಳನ್ನು, ಒಂದೊಂದನ್ನೂ ಕನಿಷ್ಠ ಹತ್ತು ಸಲ ಬೇರೆ ಲೇಖನಗಳು ಉಲ್ಲೇಖಿಸಿದ್ದರೆ ಅವರ ಅಂಕ ಹತ್ತು. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಇದನ್ನು ಸೂಚಿಸಿದರು. ಅದಕ್ಕೂ ಮೊದಲು, 1964ರಲ್ಲಿ ಅಮೆರಿಕದ ಯುಜೀನ್ ಗಾರ್‌ಫೀಲ್ಡ್ ವಿಜ್ಞಾನ ಲೇಖನಗಳ ಉಲ್ಲೇಖಸೂಚಿಯನ್ನು ಹೊರತಂದಿದ್ದರು. ಅದರ ಮುಖ್ಯ ಉದ್ದೇಶ ಒಂದು ವಿಷಯದ ಮೇಲಿನ ಬರಹಗಳನ್ನು ಹುಡುಕಲು ನೆರವಾಗುವುದು. ಹುಡುಕಲು ಮಾಡಿದ ಸಾಧನವೇ ಮುಂದೆ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ಈಗ ಯಾರು ಯಾರೊಡನೆ ಸೇರಿ ಬರೆದರು ಎಂಬ ಸಹಲೇಖಕರ ಜಾಲವನ್ನೂ ಬಿಡಿಸುತ್ತಾರೆ. ಅದರಲ್ಲಿ ಲೇಖಕರೆಲ್ಲ ಚುಕ್ಕೆಗಳು, ಸಂಬಂಧಗಳೆಲ್ಲ ಗೆರೆಗಳು.

ಈ ಎಣಿಕೆ ಪೂರ್ತಿ ವ್ಯರ್ಥವಲ್ಲ. ಶಿಫಾರಸು, ಜಾತಿ, ಪರಿಚಯಗಳ ನಡುವೆ ಅಂಕಿಯೊಂದು ಎಷ್ಟೋ ಯುವ ಸಂಶೋಧಕರಿಗೆ ಆಸರೆಯಾಗಿದೆ. ಆದರೆ ತಪ್ಪು ಲೇಖನವನ್ನು ಖಂಡಿಸಲು ಉಲ್ಲೇಖಿಸಿದರೂ ಅದರ ಲೆಕ್ಕ ಏರುತ್ತದೆ. ಗೆಳೆಯರು ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡರೂ ಏರುತ್ತದೆ. ಒಂದೇ ಲೇಖನ ಬರೆದು ಸಾವಿರ ಸಲ ಉಲ್ಲೇಖಗೊಂಡವರ ಎಚ್-ಇಂಡೆಕ್ಸ್ ಮಾತ್ರ ಒಂದೇ!

ನಮ್ಮ ಪಕ್ಕದ ಮಸ್ಕಿಯನ್ನೇ ನೋಡಿ. 1915ರಲ್ಲಿ ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡವರು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್. ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ಅದು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಿಕೆಯಾಗಿ ಬಂತು. ಆಗ ನಿಜಾಮರ ಪುರಾತತ್ವ ಇಲಾಖೆಯನ್ನು ನಡೆಸುತ್ತಿದ್ದವರು ಗುಲಾಮ್ ಯಜ್ದಾನಿ. 'ದೇವಾನಾಂಪ್ರಿಯ' ಎಂದು ಶಾಸನಗಳಲ್ಲಿ ಕರೆದುಕೊಂಡ ದೊರೆ ಅಶೋಕನೇ ಎಂಬುದನ್ನು ಅದುವರೆಗೆ ಸಿಂಹಳದ ಗ್ರಂಥಗಳ ನೆರವಿನಿಂದ ಹೇಳುತ್ತಿದ್ದರು. ಕಲ್ಲಿನ ಮೇಲೆಯೇ ಆ ಹೆಸರು ಮೊದಲು ಸಿಕ್ಕಿದ್ದು ಇಲ್ಲಿ. ಇಷ್ಟು ದೊಡ್ಡ ಶೋಧಕ್ಕೆ ಸಹಲೇಖಕರ ಜಾಲ ಬಿಡಿಸಿದರೆ ಕಾಣುವುದು ಒಂದೇ ಚುಕ್ಕೆ, ಕೃಷ್ಣಶಾಸ್ತ್ರಿಗಳದ್ದು. ಬೀಡನ್ ಅದರಲ್ಲಿಲ್ಲ, ಯಜ್ದಾನಿಯೂ ಇಲ್ಲ.

ಇನ್ನೊಂದು ಉದಾಹರಣೆ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್, 1962ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಲೇಖನ ಬರೆದರು. ಅದು ಉಲ್ಲೇಖಗೊಳ್ಳುತ್ತಲೇ ಇದೆ. ಅದಕ್ಕೆ ಅದು ಯೋಗ್ಯವೂ ಹೌದು. ಇದೇ ನೆಲದ ಬಗ್ಗೆ ಕನ್ನಡದಲ್ಲಿ ಬರೆದದ್ದರಲ್ಲಿ ಬಹುಪಾಲು ಆ ಅಂತರರಾಷ್ಟ್ರೀಯ ಪಟ್ಟಿಗಳ ಕಣ್ಣಿಗೇ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದನ್ನು 'ಇಲ್ಲ' ಎಂದು ಬರೆದುಕೊಳ್ಳುವುದು ಯಾವ ನ್ಯಾಯ?

ಉಲ್ಲೇಖದ ಶಿಸ್ತು ಮುಸ್ಲಿಮರಿಗೆ ಅಪರಿಚಿತವೇನಲ್ಲ. ಹದೀಸ್ ವಿದ್ವಾಂಸರು ಪ್ರತಿಯೊಂದು ವಚನದ ಜೊತೆಗೂ ಅದರ ಸನದನ್ನು, ಅಂದರೆ ಯಾರಿಂದ ಯಾರು ಕೇಳಿದರು ಎಂಬ ಸರಪಳಿಯನ್ನು ದಾಖಲಿಸಿದರು. ಎಷ್ಟು ದಾರಿಗಳಿಂದ ಬಂತು ಎಂದು ಅವರೂ ಎಣಿಸಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಹೇಳಿದವನು ಸತ್ಯವಂತನೇ, ಅವನ ನೆನಪು ಗಟ್ಟಿಯೇ, ಅವನು ತನ್ನ ಗುರುವನ್ನು ನಿಜವಾಗಿ ಕಂಡಿದ್ದನೇ ಎಂದು ಒಬ್ಬೊಬ್ಬರನ್ನೂ ವಿಚಾರಿಸಿದರು. ಇಮಾಮ್ ಬುಖಾರಿಯವರು ಈ ಭೇಟಿಯ ವಿಷಯದಲ್ಲಿ ವಿಶೇಷವಾಗಿ ಕಟ್ಟುನಿಟ್ಟು. ಅವರಿಗೆ ಹೆಸರು ಹೇಳುವುದು ಅಂಕ ಗಳಿಸುವ ಉಪಾಯವಾಗಿರಲಿಲ್ಲ, ಅಮಾನತ್ ಆಗಿತ್ತು. ಪಡೆದದ್ದನ್ನು ಯಾರಿಂದ ಪಡೆದೆ ಎಂದು ಹೇಳುವ ಋಣ.

ನನ್ನ ಮಿತ್ರರ ಪುಸ್ತಕಗಳ ಕೊನೆಯಲ್ಲಿ ಒಂದು ಪುಟವಿರುತ್ತದೆ. ಕಲ್ಲು ತೋರಿಸಿದ ಕುರಿಗಾಹಿ, ಬೀಗ ತೆರೆದ ಪೂಜಾರಿ, ಹಳೆಯ ಕಾಗದ ಓದಿಕೊಟ್ಟ ಮುಜಾವರ್ ಎಲ್ಲರ ಹೆಸರೂ ಅಲ್ಲಿವೆ. ಯಾವ ಯಂತ್ರವೂ ಆ ಪುಟವನ್ನು ಎಣಿಸುವುದಿಲ್ಲ. ಆದರೆ ಈ ನಾಡಿನ ವಿದ್ಯೆ ಯಾರ ಯಾರ ಕೈಯಿಂದ ಬಂತು ಎಂಬ ನಿಜವಾದ ಜಾಲ ಅದೇ.

2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಬರಹವನ್ನು ಅದು ಅಚ್ಚಾದ ಪತ್ರಿಕೆಯ ಅಂಕದಿಂದ ಅಲ್ಲ, ಅದರ ತಿರುಳಿನಿಂದ ಅಳೆಯಿರಿ ಎಂದಿತು. ನಮ್ಮ ಆಯ್ಕೆ ಸಮಿತಿಗಳು ಅಷ್ಟು ಮಾಡಿದರೆ ಸಾಕು. ಅಂಕಿ ಕೇಳಲಿ, ತಪ್ಪಿಲ್ಲ. ಅದಕ್ಕೂ ಮೊದಲು ಅಭ್ಯರ್ಥಿಯ ಎರಡು ಬರಹಗಳನ್ನಾದರೂ ಓದಿ ಬರಲಿ. ಓದದೆ ಬೆಲೆ ಕಟ್ಟುವುದು ಕಲ್ಲನ್ನು ಒಡೆಯದೆ ಚಿನ್ನವಿಲ್ಲ ಎಂದು ಹೇಳಿದಂತೆ.