ಆ ಶನಿವಾರ ಅಶ್ಕೆಲೋನಿನಲ್ಲಿ

ಇಸ್ರೇಲಿಗೆ ಕೇರ್‌ಗಿವರ್ ಕೆಲಸಕ್ಕೆ ಹೋದವರು ನಮ್ಮ ಉಡುಪಿ, ಮಂಗಳೂರು ಕಡೆ ಊರಿಗೊಬ್ಬರಾದರೂ ಸಿಗುತ್ತಾರೆ. ನಾನೂ ಅವರಲ್ಲೊಬ್ಬಳು. ಅಶ್ಕೆಲೋನ್ ನಗರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ವಯಸ್ಸು ಎಂಬತ್ತೈದು ದಾಟಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದೆ. ಮನೆಯವರೆಲ್ಲ ‘ಸಾಫ್ತಾ’ ಎನ್ನುತ್ತಿದ್ದರು. ಅಜ್ಜಿ ಎಂದರ್ಥ. ನಾನೂ ಹಾಗೆಯೇ ಕರೆಯುತ್ತಿದ್ದೆ. ಸೊಂಟದ ಮೂಳೆ ಮುರಿದ ಮೇಲೆ ಅವರಿಗೆ ವೀಲ್‌ಚೇರೇ ಗತಿ. ಜೊತೆಗೆ ಸಕ್ಕರೆ ಕಾಯಿಲೆ, ಕಿವಿ ಮಂದ.

ಅವರ ಮೊಮ್ಮಗಳು ಸೇನೆಯ ಕಡ್ಡಾಯ ಸೇವೆ ಮುಗಿಸಿ, ಅಲ್ಲಿಯ ಬಹಳಷ್ಟು ಮಕ್ಕಳ ಹಾಗೆ, ಬೆನ್ನಿಗೊಂದು ಚೀಲ ಹಾಕಿಕೊಂಡು ಇಂಡಿಯಾ ಸುತ್ತಿ ಬಂದವಳು. ಗೋವಾ, ಗೋಕರ್ಣ, ಹಂಪಿ ಎಲ್ಲ ನೋಡಿದ್ದಳು. ಗೋಕರ್ಣದ ಕುಡ್ಲೆ ಬೀಚನ್ನು ನಾನು ಮೊದಲು ನೋಡಿದ್ದೇ ಅವಳ ಫೋನಿನ ಫೋಟೋಗಳಲ್ಲಿ. ಅಲ್ಲಿಯ ಚಾ ಅಂಗಡಿಯಲ್ಲಿ ಕಲಿತ ‘ಅಕ್ಕಾ’ ಎಂಬ ಮಾತಿನಿಂದಲೇ ನನ್ನನ್ನು ಕರೆಯುತ್ತಿದ್ದಳು.

2023ರ ಅಕ್ಟೋಬರ್ 6, ಶುಕ್ರವಾರ. ಯೆಹೂದಿಗಳ ಸುಕ್ಕೋತ್ ಹಬ್ಬದ ವಾರ ಮುಗಿಯುತ್ತಿತ್ತು. ಸಂಜೆ ಮೊಮ್ಮಗಳು ಬಂದು ಅಜ್ಜಿಯೊಂದಿಗೆ ಉಂಡಳು. ಆಮೇಲೆ ಕನ್ನಡಿಯ ಮುಂದೆ ನಿಂತು ಕಣ್ಣಿನ ಸುತ್ತ ಮಿನುಗುಪುಡಿ ಹಚ್ಚಿಕೊಂಡಳು. ರೇಯಿಮ್ ಎಂಬ ಕಿಬ್ಬುತ್ಸ್, ಅಂದರೆ ಸಾಮೂಹಿಕ ಹಳ್ಳಿಯ ಹತ್ತಿರ, ಗಾಜಾ ಬೇಲಿಯಿಂದ ಐದು ಕಿಲೋಮೀಟರಿನಷ್ಟು ದೂರದ ಬಯಲಿನಲ್ಲಿ ‘ನೋವಾ’ ಸಂಗೀತೋತ್ಸವ ಇತ್ತು. ಗೋವಾದ ಕಡಲ ತೀರದಲ್ಲಿ ಬೆಳೆದ ಟ್ರಾನ್ಸ್ ಸಂಗೀತವೇ ಅಲ್ಲಿಯದೂ. ರಾತ್ರಿಯಿಡೀ ಕುಣಿದರೂ ಸೂರ್ಯ ಹುಟ್ಟುವ ಹೊತ್ತಿನ ಕುಣಿತಕ್ಕೇ ಎಲ್ಲರೂ ಕಾಯುವುದು ಎಂದು ಹೇಳಿ ಹೊರಟಳು. ಸುಮಾರು ಮೂರೂವರೆ ಸಾವಿರ ಜನ ಸೇರಿದ್ದರು.

ಬೆಳಿಗ್ಗೆ ಆರೂವರೆಗೆ ಸೈರನ್ ಕೂಗಿತು. ಅಶ್ಕೆಲೋನಿನಲ್ಲಿ ಸೈರನ್ ಕೇಳಿದ ಮೇಲೆ ಆಶ್ರಯ ಸೇರಲು ಸಿಗುವುದು ಅರ್ಧ ನಿಮಿಷ. ಮನೆಯೊಳಗೇ ಕಾಂಕ್ರೀಟಿನ ಸುರಕ್ಷಾ ಕೋಣೆ ಇರಬೇಕೆಂಬ ಕಾನೂನು ಬಂದದ್ದು 1990ರ ದಶಕದಲ್ಲಿ. ನಮ್ಮದು ಅದಕ್ಕಿಂತ ಹಳೆಯ ಕಟ್ಟಡ. ವೀಲ್‌ಚೇರನ್ನು ಅರ್ಧ ನಿಮಿಷದಲ್ಲಿ ಮೂರು ಮಹಡಿ ಇಳಿಸುವುದು ಆಗುವ ಮಾತಲ್ಲ. ಕಿಟಕಿ ಇಲ್ಲದ ನಡುವಿನ ಕಾರಿಡಾರಿಗೆ ಹಾಸಿಗೆ ಎಳೆದು, ಸಾಫ್ತಾರನ್ನು ಮಲಗಿಸಿ, ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತೆ. ಒಂದು ಸೈರನ್ ನಿಲ್ಲುವ ಮೊದಲೇ ಮತ್ತೊಂದು. ಇನ್ಸುಲಿನ್ ಇದ್ದದ್ದು ಅಡುಗೆಮನೆಯ ಫ್ರಿಜ್ಜಿನಲ್ಲಿ, ಅಲ್ಲಿ ದೊಡ್ಡ ಕಿಟಕಿ. ಅಂಬೆಗಾಲಿಟ್ಟು ಹೋಗಿ ತಂದೆ. ಬರುವಷ್ಟರಲ್ಲಿ ಕಿಟಕಿಯ ಗಾಜು ಒಡೆದು ನೆಲದ ತುಂಬ ಬಿದ್ದಿತ್ತು.

ಸಾಫ್ತಾ ಹತ್ತಿರ ಮೊಬೈಲ್ ಇರಲಿಲ್ಲ. ಮೊಮ್ಮಗಳ ಧ್ವನಿ ಸಂದೇಶಗಳೆಲ್ಲ ನನ್ನ ಫೋನಿಗೇ ಬಂದವು. ಹೀಬ್ರೂ ನನಗೆ ಮಾತನಾಡಲು ಬರುತ್ತದೆ, ಓದಲು ಬಾರದು. ಅದು ಅವಳಿಗೆ ಗೊತ್ತಿತ್ತು.

ಮೊದಲನೆಯದರಲ್ಲಿ ಗಾಬರಿ ಇರಲಿಲ್ಲ. “ಅಕ್ಕಾ, ರಾಕೆಟ್ ಬರುತ್ತಿವೆ, ಸಂಗೀತ ನಿಲ್ಲಿಸಿದರು. ನಾವು ಹೊರಟಿದ್ದೇವೆ. ಸಾಫ್ತಾಗೆ ಔಷಧಿ ಕೊಡು.” ಮುಂದಿನದರಲ್ಲಿ ಅವಳ ಹಿಂದೆ ಜನರ ಕೂಗು. 232ನೇ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿವೆ, ಎದುರಿನಿಂದ ಗುಂಡು ಹಾರಿಸುತ್ತಿದ್ದಾರೆ, ಕಾರು ಬಿಟ್ಟು ಓಡುತ್ತಿದ್ದೇವೆ ಎಂದಳು. ಗಾಜಾದ ಹಮಾಸ್ ಸಂಘಟನೆಯವರು ಬೈಕ್, ಪಿಕಪ್‌ಗಳಲ್ಲಿ ಬಂದು ರಸ್ತೆಯನ್ನೇ ಹಿಡಿದಿದ್ದರು ಎಂಬುದು ಆಗ ನಮಗೆ ಗೊತ್ತಿರಲಿಲ್ಲ.

ಆಮೇಲಿನವು ಬರೀ ಪಿಸುಮಾತು. ಗೆಳತಿಯೊಂದಿಗೆ ಪೊದೆಯಲ್ಲಿ ಮಲಗಿದ್ದೇನೆ, ಅವರ ಮಾತು ಕೇಳಿಸುತ್ತಿದೆ ಎಂದಳು. ಸಾಫ್ತಾ ಫೋನನ್ನು ಕಿವಿಗೆ ಒತ್ತಿಕೊಂಡರು, ಏನೂ ಕೇಳಿಸಲಿಲ್ಲ. ಉಸಿರು ಬಿಗಿಹಿಡಿದು ಅವಳು ಪಿಸುಗುಟ್ಟಿದ ಮಾತನ್ನು ನಾನು ಸೈರನ್ ನಡುವೆ ಅಜ್ಜಿಯ ಕಿವಿಗೆ ಬಾಯಿಟ್ಟು ಕೂಗಿ ಹೇಳಬೇಕಾಯಿತು. “ನಿಮ್ಮನ್ನು ತುಂಬಾ ಪ್ರೀತಿಸುತ್ತೇನೆ ಅಂತ ಹೇಳ್ತಿದ್ದಾಳೆ ಸಾಫ್ತಾ” ಎಂದು ಕೂಗಿದೆ. ಅವರು “ಇನ್ನೊಮ್ಮೆ ಹೇಳು” ಎಂದರು. ಹೇಳಿದೆ. ಒಂಬತ್ತರ ನಂತರ ಸಂದೇಶ ಬರಲಿಲ್ಲ.

ಬಂದದ್ದು ಊರಿನ ಕರೆಗಳು. ನಮ್ಮ ಆರೂವರೆ ಎಂದರೆ ಊರಿನಲ್ಲಿ ಒಂಬತ್ತು ಗಂಟೆ. ಅಷ್ಟು ಹೊತ್ತಿಗೆ ಟಿವಿಯಲ್ಲಿ ಸುದ್ದಿ ಶುರುವಾಗಿತ್ತು. ಅಮ್ಮ, ತಮ್ಮ, ಚಿಕ್ಕಮ್ಮ, ಚರ್ಚಿನವರು, ಯಾವತ್ತೂ ಮಾತಾಡದವರೂ ಬಿಡದೆ ಕರೆ ಮಾಡಿದರು. ಚಾರ್ಜ್ ಇಳಿಯುತ್ತಿತ್ತು, ಕರೆಂಟು ಹೋಗಿತ್ತು. ಅವಳ ದನಿ ಬರಬಹುದಾದ ದಾರಿ ಅದೊಂದೇ ಫೋನು. ಕೊನೆಗೆ ಅಮ್ಮನ ಕರೆಯನ್ನೂ ಕತ್ತರಿಸಿದೆ.

ಅವಳು ಆಸ್ಪತ್ರೆಯಲ್ಲಿದ್ದಾಳೋ, ಗಾಜಾಕ್ಕೆ ಎಳೆದೊಯ್ದರೋ ಎಂದು ತಿಳಿಯದೆ ಕಳೆದ ದಿನಗಳು ಆ ಶನಿವಾರಕ್ಕಿಂತ ಕ್ರೂರವಾಗಿದ್ದವು. ಸಾಫ್ತಾರ ಮಗ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಮಗಳ ಹಲ್ಲುಜ್ಜುವ ಬ್ರಷ್ಷನ್ನು ಡಿಎನ್‌ಎ ಪರೀಕ್ಷೆಗೆ ಕೊಟ್ಟು ಬಂದರು. ಕಡೆಗೆ ಬಾಗಿಲು ತಟ್ಟಿ ಬಂದವರು ಅವಳು ಉಳಿದಿಲ್ಲ ಎಂದು ಹೇಳಿದರು. ಗೆಳತಿಯೂ ಉಳಿದಿರಲಿಲ್ಲ. ಏಳು ದಿನದ ಶೋಕಾಚರಣೆಯಲ್ಲಿ ಸಾಫ್ತಾ ಅಂಗಿಯ ಕೊರಳಪಟ್ಟಿ ಹರಿದುಕೊಂಡು ಕುಳಿತಿದ್ದರು. ಬಂದವರಿಗೆಲ್ಲ ನನ್ನನ್ನು ತೋರಿಸಿ, “ಕೊನೆಗೆ ಮಾತಾಡಿದ್ದು ಇವಳ ಹತ್ತಿರ” ಎನ್ನುತ್ತಿದ್ದರು.

ಆ ಉತ್ಸವದಲ್ಲಿ 360ಕ್ಕೂ ಹೆಚ್ಚು ಜನರನ್ನು ಕೊಂದರು, ನಲವತ್ತರಷ್ಟು ಮಂದಿಯನ್ನು ಒತ್ತೆಯಾಗಿ ಒಯ್ದರು. ರಸ್ತೆ ಬದಿಯ ಪುಟ್ಟ ಕಾಂಕ್ರೀಟ್ ಆಶ್ರಯಗಳಲ್ಲಿ ಒತ್ತೊತ್ತಾಗಿ ನಿಂತಿದ್ದವರ ಮೇಲೆ ಗ್ರೆನೇಡ್ ಎಸೆದರು. ಹೊಲಗಳಲ್ಲಿ ಗಂಟೆಗಟ್ಟಲೆ ನಡೆದು ಪತೀಶ್ ಎಂಬ ಹಳ್ಳಿ ಸೇರಿದವರು ಬದುಕಿದರು. ರಹಾತ್ ಊರಿನ ಬೆಡೂಯಿನ್ ಮುಸ್ಲಿಂ ಚಾಲಕ ಯೂಸುಫ್ ಝಿಯಾದ್ನಾ ಗುಂಡಿನ ಮಳೆಯಲ್ಲೇ ಮಿನಿಬಸ್ ನುಗ್ಗಿಸಿ ಸುಮಾರು 30 ಮಂದಿಯನ್ನು ಹೊರತಂದರು. ಅದೇ ದಿನ ಕ್ಫಾರ್ ಅಜಾ ಎಂಬ ಕಿಬ್ಬುತ್ಸ್‌ನಲ್ಲಿ ಫಿಲಿಪ್ಪೀನ್ಸಿನ ಕೇರ್‌ಗಿವರ್ ಒಬ್ಬಳು, ನೋಡಿಕೊಳ್ಳುತ್ತಿದ್ದ ಅಜ್ಜಿಯನ್ನು ಬಿಟ್ಟು ಓಡಲು ಒಪ್ಪದೆ ಅವರೊಂದಿಗೇ ಸತ್ತಳು. ಅಲುಮಿಮ್ ಎಂಬ ಇನ್ನೊಂದು ಕಿಬ್ಬುತ್ಸ್‌ನಲ್ಲಿ ಕೃಷಿ ಕಲಿಯಲು ಬಂದ ನೇಪಾಳದ ಹತ್ತು ಹುಡುಗರು ಸತ್ತರು. ನಮ್ಮ ಹಾಗೆ ಹೊರಗಿನಿಂದ ಬಂದವರು ಎಂದು ಯಾರನ್ನೂ ಬಿಡಲಿಲ್ಲ.

ಭಾರತೀಯರನ್ನು ವಾಪಸು ಕರೆತರುವ ‘ಆಪರೇಷನ್ ಅಜಯ್’ ವಿಮಾನಗಳು ಶುರುವಾದಾಗ ಬಾ ಎಂದು ಅಮ್ಮ ಅತ್ತರು. ನನ್ನ ತಲೆಯ ಮೇಲೆ ಸಾಲ ಇತ್ತು, ಅದು ನಿಜ. ಆದರೆ ಆ ಸ್ಥಿತಿಯಲ್ಲಿದ್ದ ಸಾಫ್ತಾರನ್ನು ಎತ್ತಿ ಕೂರಿಸಲು ಬೇರೆ ಯಾರಿದ್ದರು? ನಾನು ಹೋಗಲಿಲ್ಲ.

ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅವರಲ್ಲಿ ಮಕ್ಕಳು ಎಷ್ಟೋ. ಅವರನ್ನು ನೆನೆದರೂ ಕರುಳು ಹಿಂಡುತ್ತದೆ. ಆದರೆ ರಜೆಗೆ ಊರಿಗೆ ಬಂದಾಗ, ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರು “ಅಲ್ಲಿ ಕುಣಿಯಲು ಹೋದದ್ದು ಯಾಕೆ, ಹಾಗೇ ಆಗಬೇಕಿತ್ತು” ಎಂದರು. ನಾನು ಎಲೆ ಬಿಟ್ಟು ಎದ್ದೆ. ಕುಣಿಯಲು ಹೋದ ಹುಡುಗಿಯನ್ನು ಕೊಂದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಯಾರು ಯಾವ ಇತಿಹಾಸ ಹೇಳಿದರೂ ಅದನ್ನು ಸಮರ್ಥನೆ ಎಂದು ನಾನು ಒಪ್ಪಿಕೊಳ್ಳುವವಳಲ್ಲ.

ನಿಮ್ಮ ಮನೆಯವರು ಯಾರಾದರೂ ಇಂಥ ದೇಶದಲ್ಲಿ ದುಡಿಯುತ್ತಿದ್ದರೆ ಒಂದು ಮಾತು ನಡೆಸಿಕೊಡಿ. ಕೆಟ್ಟ ಸುದ್ದಿ ಬಂದ ದಿನ ಕರೆಯ ಮೇಲೆ ಕರೆ ಮಾಡಬೇಡಿ. ಒಂದೇ ಸಾಲಿನ ಸಂದೇಶ ಕಳಿಸಿ ಕಾಯಿರಿ. ಆ ಹೊತ್ತಿನಲ್ಲಿ ಅವರ ಫೋನು ಇನ್ನೊಬ್ಬರಿಗಾಗಿ ಖಾಲಿ ಇರಬೇಕಾಗಬಹುದು.